ಓಟಕ್ಕೊಂದು ಜೊತೆ ಹುಡುಕಿದ್ದು

ಸಿಡುಬಿನಲ್ಲಿ ನನ್ನ ಕಣ್ಣು ಹೋದಾಗ ನಾನಿನ್ನೂ ಚಿಕ್ಕವನು. ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಎಲ್ಲರದೂ ಮಗ್ಗದ ಮನೆಯೇ. ಬೆಳಗಾದರೆ ಸೀರೆಯ ಹಾಸಿನ, ಅಂದರೆ ಉದ್ದೆಳೆಯ, ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟುತ್ತಿದ್ದರು. ಅದರ ಅಂಚನ್ನು ಬೆರಳಿನಿಂದ ಸವರಿಕೊಂಡು ನಾನು ಈ ತುದಿಯಿಂದ ಆ ತುದಿಗೆ ಓಡುತ್ತಿದ್ದೆ. ಎಳೆ ಹರಿದಾಗ ಅಪ್ಪನ ಕೈಯಲ್ಲಿ ಏಟು ಬೀಳುತ್ತಿತ್ತು. ಏಟು ತಿಂದು ಮತ್ತೆ ಓಡುತ್ತಿದ್ದೆ. ಕೊನೆಗೆ ಅಪ್ಪನಿಗೇ ಸಾಕಾಗಿ, ಹಾಸಿನಿಂದ ದೂರದಲ್ಲಿ ಎರಡು ಕಂಬ ನೆಟ್ಟು ಕತ್ತಾಳೆಯ ಹಗ್ಗವೊಂದನ್ನು ಬಿಗಿದು ಕಟ್ಟಿದ. "ಇದು ನಿಂದು. ನೂಲಿನ ತಂಟೆಗೆ ಬರಬ್ಯಾಡ" ಅಂದ.

ಕತ್ತಾಳೆಯ ಹಗ್ಗ ಹಿಡಿದು ಓಡಿದರೆ ಅಂಗೈ ಸುಲಿಯುತ್ತದೆ. ಅವ್ವ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದಳು. ಬಟ್ಟೆಯೂ ಹರಿಯಿತು. ಆಮೇಲೆ ಅವಳೇ ಹಗ್ಗ ಬಿಚ್ಚಿಸಿ ಅದಕ್ಕೊಂದು ಬಿದಿರಿನ ಕೊಳವೆ ಪೋಣಿಸಿ ಮತ್ತೆ ಕಟ್ಟಿಸಿದಳು. ಕೊಳವೆಯನ್ನು ಮುಷ್ಟಿಯಲ್ಲಿ ಹಿಡಿದು ಓಡಿದರೆ ಅದು ಹಗ್ಗದ ಮೇಲೆ ಸರ್ರನೆ ಜಾರುತ್ತ ಬರುತ್ತಿತ್ತು. ಒಂದು ದಿನ ಕೊನೆಯ ಕಂಬಕ್ಕೆ ಮುಖ ಬಡಿದು ಮುಂದಿನ ಹಲ್ಲು ಹೋಯಿತು. ಅವ್ವ ಅಳಲಿಲ್ಲ. ಕಂಬಕ್ಕೆ ಸ್ವಲ್ಪ ಮುಂಚೆ ಮೇಲಿನಿಂದ ಹಳೆಯ ಸೀರೆಯ ಚೂರುಗಳನ್ನು ಇಳಿಬಿಟ್ಟಳು. "ಬಟ್ಟೆ ಮುಖಕ್ಕೆ ತಾಕಿದ ಕೂಡ್ಲೆ ನಿಂತ್ಕೊ ನಾಯನಾ" ಅಂದಳು.

ಚಳ್ಳಕೆರೆಯಲ್ಲಿದ್ದ ಸೋದರಮಾವ ಸೀರೆಯ ಗಂಟು ಹೊತ್ತು ಊರೂರು ತಿರುಗಿ ಮಾರುತ್ತಿದ್ದ. ಅವನು ನನ್ನನ್ನು ಕರೆದುಕೊಂಡು ಹೋಗಿ ಅಲ್ಲಿಯ ಶಾಲೆಗೆ ಬಿಟ್ಟ. ಬರೆಯಲು ಬಾರದಿದ್ದರೂ ಮಗ್ಗಿಯನ್ನೂ ಪದ್ಯವನ್ನೂ ಕೇಳಿ ಕಲಿತೆ. ಆದರೆ ಸಂಜೆ ಹುಡುಗರೆಲ್ಲ ಬಯಲಿಗಿಳಿದಾಗ ನನ್ನನ್ನು ಬೇವಿನ ಕಟ್ಟೆಯ ಮೇಲೆ ಕೂರಿಸಿ, ಎಲ್ಲರ ಅಂಗಿಗಳನ್ನು ನನ್ನ ತೊಡೆಯ ಮೇಲೆ ಹಾಕಿ ಹೋಗುತ್ತಿದ್ದರು. ಆ ಅಂಗಿಗಳ ಬೆವರಿನ ವಾಸನೆ ಹೊಟ್ಟೆ ಉರಿಸುತ್ತಿತ್ತು.

ಇನ್ಸ್‌ಪೆಕ್ಟರ್ ಸಾಹೇಬರು ಶಾಲೆ ನೋಡಲು ಬರುವ ದಿನ ಓಟದ ಪಂದ್ಯ ಇಡುತ್ತಾರೆಂದು ತಿಳಿದಾಗ ನಾನು ಹೆಡ್‌ಮೇಷ್ಟರ ಮುಂದೆ ಹೋಗಿ ನಿಂತೆ. "ನಾನೂ ಓಡ್ತೀನ್ರಿ. ಹಗ್ಗ ಕಟ್ಟಿದ್ರೆ ಸಾಕು."

ಅವರು ಕೆಟ್ಟವರಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟರು. "ಕಣ್ಣಿರೋರ ಜೊತೆ ನಿನ್ನ ಬಿಡಾಕಾಗಲ್ಲ. ಒಬ್ಬನೇ ಓಡಿದ್ರೆ ಅದು ಪಂದ್ಯ ಹೆಂಗಾಗ್ತೈತೆ? ನಿನ್ನಂಗೆ ಇನ್ನೊಬ್ಬ ಇದ್ರೆ ಕರ್ಕೊಂಬಾ, ನೋಡಾನ."

ತಪ್ಪಿಸಿಕೊಳ್ಳಲು ಹೇಳಿದ ಮಾತು ಅದು. ನಾನು ಅದನ್ನೇ ಗಟ್ಟಿಯಾಗಿ ಹಿಡಿದೆ. ಅಂದು ಊಟಕ್ಕೆ ಕೂತಾಗ ಮಾವನನ್ನು ಕೇಳಿದೆ: "ಮಾವ, ನೀನು ತಿರುಗೋ ಊರಾಗೆ ನನ್ನಂಥೋರು ಯಾರಾದ್ರೂ ಐದಾರಾ?"

"ನನ್ನಿವಾಳ ಅನ್ನೋ ಊರಾಗೆ ಒಬ್ಬಳು ಐದಾಳೆ" ಅಂದ ಮಾವ. "ಆದ್ರೆ ಹುಡುಗಿ ಕಣೋ."

"ಹುಡುಗಿಗೆ ಕಾಲಿಲ್ವಾ?"

ಮಾವ ನಕ್ಕುಬಿಟ್ಟ. ಮರುದಿನ ನನ್ನನ್ನು ಆ ಕಡೆ ಹೊರಟಿದ್ದ ಎತ್ತಿನ ಗಾಡಿಯಲ್ಲಿ ಸೀರೆಯ ಗಂಟಿನ ಪಕ್ಕ ಕೂರಿಸಿಕೊಂಡು ಹೊರಟ.

ನಾವು ಹೋದಾಗ ಆ ಮನೆಯವರು ಕಣದಲ್ಲಿ ನವಣೆ ತುಳಿಸುತ್ತಿದ್ದರು. ಎತ್ತುಗಳ ಹಿಂದೆ ಹಗ್ಗ ಹಿಡಿದು ಸುತ್ತುತ್ತಿದ್ದವಳೇ ಆ ಹುಡುಗಿ. ಅವಳ ಕಾಲ್ಗಡಗದ ಸದ್ದು ಎತ್ತಿನ ಗೊರಸಿಗಿಂತ ಚುರುಕಾಗಿತ್ತು. ಮಾವ ವಿಷಯ ಹೇಳಿದ. ಅವಳ ತಾಯಿ ಮೊರ ಕೆಳಗಿಟ್ಟಳು. "ಕಣ್ಣಿಲ್ಲದ ಹುಡುಗಿನ ಮಂದಿ ಮುಂದೆ ಓಡ್ಸಿ ನಗಾಡ್ತೀರೇನ್ರಿ?"

ನಾನೇ ಹೇಳಿದೆ: "ನನ್ನ ನೋಡೂ ನಗ್ತಾರವ್ವ. ಇಬ್ರು ಇದ್ರೆ ಅರ್ಧರ್ಧ ಹಂಚ್ಕೋಬೌದು."

ಎತ್ತುಗಳು ನಿಂತವು. ಹುಡುಗಿ ಹತ್ತಿರ ಬಂದು ನನ್ನ ತೋಳು ಮುಟ್ಟಿ ನೋಡಿದಳು, ಸಂತೆಯಲ್ಲಿ ಕುರಿಯನ್ನು ಮುಟ್ಟಿ ನೋಡುವ ಹಾಗೆ. "ಸೋತ್ರೆ ಅಳಂಗಿಲ್ಲ" ಅಂದಳು.

"ನಾನ್ಯಾಕೆ ಸೋಲ್ತೀನಿ?"

"ಅವ್ವ, ನಾನು ಹೋಗ್ತೀನಿ" ಅಂದಳು. ತಾಯಿ ಅವಳ ಅಜ್ಜಿಯನ್ನು ಜೊತೆ ಮಾಡಿ ಕಳಿಸಿದಳು.

ಆಡಿದ ಮಾತು ತಪ್ಪಲಾರದೆ ಹೆಡ್‌ಮೇಷ್ಟ್ರು ಒಪ್ಪಿದರು. ಪಂದ್ಯದ ದಿನ ಅಪ್ಪ ಮೊಳಕಾಲ್ಮೂರಿನಿಂದ ಬಂದು ಮನೆಯಲ್ಲಿದ್ದಂತೆಯೇ ತಾನೇ ಎರಡು ಹಗ್ಗ ಬಿಗಿದ. ಮೇಷ್ಟ್ರು ಸೀಟಿ ಊದಿದರು. ಮೊದಲ ಹೆಜ್ಜೆಗಳಲ್ಲಿ ನಾನೇ ಮುಂದಿದ್ದೆ, ಕಡಗದ ಸದ್ದು ಬೆನ್ನ ಹಿಂದೆ ಕೇಳುತ್ತಿತ್ತು. ಆಮೇಲೆ ಪಕ್ಕಕ್ಕೆ ಬಂತು. ಹಲ್ಲು ಕಚ್ಚಿ ಓಡಿದೆ, ಎದೆ ಒಡೆಯುವ ಹಾಗಾಯಿತು. ಸದ್ದು ಮುಂದಕ್ಕೆ ಹೋಯಿತು. ಬಟ್ಟೆಯ ಚೂರುಗಳು ನನ್ನ ಮುಖಕ್ಕೆ ತಾಕುವಷ್ಟರಲ್ಲಿ ಅವಳು ಆಗಲೇ ನಿಂತು ಏದುಸಿರು ಬಿಡುತ್ತಿದ್ದಳು. ಮಂದಿಯಲ್ಲಿ ಕೆಲವರು ನಕ್ಕದ್ದು ಕೇಳಿಸಿತು, ಹೆಚ್ಚಿನವರು ಕೂಗು ಹಾಕಿದ್ದೂ ಕೇಳಿಸಿತು. ಹುಡುಗಿಯ ಕೈಯಲ್ಲಿ ಸೋತೆನಲ್ಲ ಎಂದು ಅಳು ಬಂತು. ಅಳಬಾರದೆಂಬ ಕರಾರು ನೆನಪಾಗಿ ನುಂಗಿಕೊಂಡೆ. ಆದರೆ ಅದರ ಕೆಳಗೇ ಒಂದು ಸಂತೋಷವಿತ್ತು. ನಾನು ಸೋತಿದ್ದೆ, ಅಂದರೆ ನಾನೂ ಪಂದ್ಯದಲ್ಲಿದ್ದೆ.

ಸಾಹೇಬರು ಅವಳಿಗೆ ಬಹುಮಾನವೆಂದು ಸ್ಲೇಟು ಕೊಟ್ಟರು. ಅವಳು ಅದನ್ನು ಸವರಿ ನೋಡಿ, "ಇದನ್ನೇನು ಮಾಡ್ಲಿ ಸ್ವಾಮಿ? ಈ ಹಗ್ಗ ಕೊಡ್ರಿ" ಅಂದಳು. ಯಾರೂ ನಗಲಿಲ್ಲ. ಅಪ್ಪ ಹಗ್ಗ ಬಿಚ್ಚಿ, ಸುತ್ತಿ, ಕೊಳವೆಯ ಸಮೇತ ಅವಳ ಹೆಗಲಿಗೆ ಹಾಕಿದ.

ಮಾರನೆಯ ವರ್ಷ ಮಾವ ತಿರುಗುವ ಊರುಗಳಿಂದ ಇನ್ನೂ ಇಬ್ಬರನ್ನು ಹುಡುಕಿ ತಂದ. ಆ ಸಲ ನಾನು ಮೂರನೆಯವನಾದೆ. ಹೆಡ್‌ಮೇಷ್ಟ್ರು ಓಟದ ಜೊತೆಗೆ ಹಗ್ಗ ಜಗ್ಗಾಟವನ್ನೂ ಇಟ್ಟರು. ಅದರಲ್ಲಿ ಕಣ್ಣಿದ್ದವರು, ಇಲ್ಲದವರು ಎಂಬ ಭೇದವೇ ಬೇಕಿರಲಿಲ್ಲ. ನನ್ನನ್ನು ಕೊನೆಯಲ್ಲಿ ನಿಲ್ಲಿಸಿ ಹಗ್ಗವನ್ನು ಸೊಂಟಕ್ಕೆ ಸುತ್ತುತ್ತಿದ್ದರು. ಹಿಮ್ಮಡಿ ಊರಿ ನಿಂತರೆ ಸುಲಭಕ್ಕೆ ಕದಲುತ್ತಿರಲಿಲ್ಲ. ಬೇವಿನ ಕಟ್ಟೆಯ ಮೇಲೆ ಈಗ ಅಂಗಿಗಳಷ್ಟೇ ಇರುತ್ತಿದ್ದವು, ಅವುಗಳಲ್ಲಿ ನನ್ನದೂ ಒಂದು.