ಕೆರೆಗೆ ಬಿಟ್ಟ ಲಕ್ಷ್ಮಿ

ತೊಂಬತ್ತರ ದಶಕದಲ್ಲಿ ಲಗ್ಗೆರೆಯ ನಮ್ಮ ವಠಾರದಲ್ಲಿ ಪೀಣ್ಯದ ಲೇತ್ ಕೆಲಸಗಾರರೊಬ್ಬರಿದ್ದರು. ಶಿಫ್ಟ್ ಮುಗಿಸಿ ಬಂದವರೇ, ಗ್ರೀಸ್ ಹೋಗದ ಬೆರಳಿನಿಂದ ತಮ್ಮ ನಕ್ಷತ್ರ ಆಮೆಯ ಚಿಪ್ಪು ತಟ್ಟಿ ಕೊತ್ತಂಬರಿ ಕಡ್ಡಿ ತಿನ್ನಿಸುತ್ತಿದ್ದರು. "ನಮ್ಮನೆ ಲಕ್ಷ್ಮಿ ಕಣ್ರೀ" ಎನ್ನುತ್ತಿದ್ದರು, ಕೇಳಿದವರಿಗೂ ಕೇಳದವರಿಗೂ.

ಕಾಡುಪ್ರಾಣಿ ಸಾಕಿದರೆ ಜೈಲು ಎಂದು ಕಾರ್ಖಾನೆಯಲ್ಲಿ ಯಾರೋ ಹೆದರಿಸಿದರು. ಕಾನೂನು ಇದ್ದದ್ದು ನಿಜವೇ. ಅರಣ್ಯ ಇಲಾಖೆಗೆ ಒಪ್ಪಿಸಲು ಭಯಪಟ್ಟು, ಭಾನುವಾರ ಅದನ್ನು ತರಕಾರಿ ಚೀಲದಲ್ಲಿಟ್ಟುಕೊಂಡು ಕೆರೆಗೆ ಹೋದರು. ಅದು ನೆಲದ ಆಮೆ, ಅದಕ್ಕೆ ಈಜು ಬಾರದು ಎಂಬುದು ವಠಾರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ತಿಳಿದದ್ದೂ ಬಹಳ ವರ್ಷಗಳ ಮೇಲೆ.

ಖಾಲಿ ಚೀಲ ಮಡಚುತ್ತಾ ಬಂದು ಹೇಳಿದರು: "ಖುಷಿಗೆ ನಾಲ್ಕೂ ಕಾಲು ಬಡೀತು ಕಣ್ರೀ, ಆಮೇಲೆ ಒಳಗೋಯ್ತು. ಮತ್ತೆ ಮೇಲೆ ಬರ್ಲೇ ಇಲ್ಲ. ಪಾಪ, ನೀರಂದ್ರೆ ಎಷ್ಟು ಆಸೆ ಇತ್ತೋ."