ಸಮನ್ಸ್ ಕೊಟ್ಟು ಸುಮ್ಮನೆ ಹೋಗದ ಆದಿನಾರಾಯಣ

ಬೆಳಿಗ್ಗೆ ಆರೂಕಾಲು. ಶಿವಾಜಿನಗರದ ಆ ಓಣಿಯಲ್ಲಿ ಹಾಲಿನ ಪ್ಯಾಕೆಟ್ಟುಗಳು ಇನ್ನೂ ಹೊಸ್ತಿಲ ಮೇಲೇ ಇವೆ. ಆದಿನಾರಾಯಣ ತಮ್ಮ ಟಿವಿಎಸ್ ಗಾಡಿಯನ್ನು ತಿರುವಿನಲ್ಲೇ ನಿಲ್ಲಿಸಿ, ಖಾಕಿ ಚೀಲವನ್ನು ಹೆಗಲಿಗೇರಿಸಿ ನಡೆದೇ ಬರುತ್ತಾರೆ. ಗಾಡಿಯ ಸದ್ದು ಕೇಳಿದರೆ ಒಳಗಿನಿಂದ ಚಿಲಕ ಬೀಳುತ್ತದೆ ಎಂಬುದು ಅವರ ಇಪ್ಪತ್ತನಾಲ್ಕು ವರ್ಷಗಳ ಅನುಭವ. ಹಸಿರು ಬಾಗಿಲಿನ ಮುಂದೆ ನಿಂತು ಎರಡೇ ಸಲ ತಟ್ಟುತ್ತಾರೆ.

ಬಾಗಿಲು ಒಂದು ಗೇಣು ತೆರೆಯುತ್ತದೆ. ಶಂಶುನ್ನೀಸಾ ಇಣುಕಿ ನೋಡುತ್ತಾರೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿದೆ. ಸೀರೆಗೆ ಫಾಲ್ ಹೊಲಿದು ಮಗಳು ಫಾಯಿಜಾಳನ್ನು ಓದಿಸುತ್ತಿದ್ದಾರೆ. ಮೂವತ್ತೊಂದು ವರ್ಷದಿಂದ ಇದೇ ಬಾಡಿಗೆ ಮನೆ. ಹಳೆಯ ಮಾಲೀಕರ ಮಕ್ಕಳು ಈಗ ಮನೆ ಖಾಲಿ ಮಾಡಿಸಿಕೊಡಿ ಎಂದು ಕೋರ್ಟಿಗೆ ಹೋಗಿದ್ದಾರೆ. ಅದರ ಸಮನ್ಸೇ ಚೀಲದಲ್ಲಿರುವುದು.

"ನಾವು ಅದು ತಗೊಳಲ್ಲ ಸಾಬ್," ಎನ್ನುತ್ತಾರೆ ಅವರು. "ಕೈಯಲ್ಲಿ ಹಿಡಿದ್ರೆ ಕೇಸು ಒಪ್ಪಿಕೊಂಡ ಹಾಗೆ ಅಂತ ಪಕ್ಕದ ಮನೆ ಅಹ್ಮದ್ ಪಾಷಾ ಹೇಳಿದ್ದಾರೆ. ತಗೊಳ್ದೆ ಹೋದ್ರೆ ವಾಪಸ್ ಹೋಗ್ತದಂತೆ."

ಬೇರೆ ಯಾರಾದರೂ ಆಗಿದ್ದರೆ ಎರಡು ನಿಮಿಷದ ಕೆಲಸ. ತೆಗೆದುಕೊಳ್ಳಲು ಒಪ್ಪಲಿಲ್ಲ ಎಂದು ಬರೆದು, ಬಾಗಿಲಿಗೆ ಒಂದು ಪ್ರತಿ ಅಂಟಿಸಿ, ನೆರೆಯವರ ಸಾಕ್ಷಿ ಸಹಿ ಹಾಕಿಸಿ ಹೊರಟುಬಿಡಬಹುದು. ಆದಿನಾರಾಯಣ ಚೀಲವನ್ನು ಕೆಳಗಿಟ್ಟು, ಎದುರಿನ ಜಗಲಿಯ ಮೇಲೆ ಕುಳಿತುಕೊಳ್ಳುತ್ತಾರೆ. "ನಂಗೇನೂ ಆತುರ ಇಲ್ಲ ಅಮ್ಮ. ನೀವು ಬೇಕಾದ್ರೆ ಹಾಲು ಕಾಯಿಸ್ಕೊಂಡು ಬನ್ನಿ." ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ.

ಸಮನ್ಸ್ ಹಂಚುವ ಕೋರ್ಟಿನ ಅಮೀನ ಎಂದರೆ ಜನಕ್ಕೆ ಶನಿಮಹಾತ್ಮನೇ ಚಪ್ಪಲಿ ಹಾಕಿಕೊಂಡು ಬಂದಂತೆ. ಲಾಯರಿಗೆ ಹೆಸರುಂಟು, ಜಡ್ಜಿಗೆ ಗೌರವವುಂಟು. ಅವರಿಬ್ಬರ ಕೆಲಸ ಶುರುವಾಗಬೇಕಾದರೆ ಯಾರೋ ಒಬ್ಬ ಹೋಗಿ ಬಾಗಿಲು ತಟ್ಟಿರಬೇಕಲ್ಲ, ಅವನ ನೆನಪು ಯಾರಿಗೂ ಇರುವುದಿಲ್ಲ. ಕೆ.ಆರ್. ಪುರದ ಸಂತೆ ಹಿಂದಿನ ಮನೆಯಿಂದ ಐದಕ್ಕೇ ಹೊರಡುವ ಈ ಐವತ್ತೆಂಟರ ಮನುಷ್ಯ ದಿನಕ್ಕೆ ಹದಿನೈದರಿಂದ ಇಪ್ಪತ್ತು ಕಾಗದ ಹಂಚುತ್ತಾರೆ. ಹಲಸೂರು, ಇಂದಿರಾನಗರ, ರಾಮಮೂರ್ತಿ ನಗರ ಸುತ್ತಿ ನಲವತ್ತು ಕಿಲೋಮೀಟರು. ಹತ್ತು ಗಂಟೆ ಮೀರಿದರೆ ಯಾರೂ ಮನೆಯಲ್ಲಿ ಸಿಗುವುದಿಲ್ಲ ಎಂದೇ ಈ ನಸುಕಿನ ಓಡಾಟ.

ಸಿಕ್ಕರೂ ಸಿಗದಂತೆ ಮಾಡುವ ಕಲೆ ನಮ್ಮವರಿಗೆ ಚೆನ್ನಾಗಿ ಗೊತ್ತು. ಸಮನ್ಸ್ ತಪ್ಪಿಸಿಕೊಳ್ಳಲು ಬದುಕಿರುವ ಗಂಡನನ್ನು ಸತ್ತನೆಂದವರಿದ್ದಾರೆ. ರಾಮಮೂರ್ತಿ ನಗರದಲ್ಲಿ ಬೀದರ್ ಕಡೆಯ ಶಿವಶರಣ ಎಂಬವರು ತಾವೇ ಬಾಗಿಲಿಗೆ ಬಂದು, ಶಿವಶರಣ ಊರಿಗೆ ಹೋಗಿದ್ದಾನೆ ಎಂದರಂತೆ. ಅಷ್ಟರಲ್ಲಿ ಒಳಗಿನಿಂದ ಅವರ ತಾಯಿ, "ಯಾರ್ ಬಂದಾರೋ ಶಿವಶರಣಾ?" ಎಂದು ಕೂಗಿದರಂತೆ. ಇದನ್ನು ಹೇಳುವಾಗ ಆದಿನಾರಾಯಣ ನಗುವುದಿಲ್ಲ. "ಪಾಪ, ಹೆದರ್ಕೊಂಡಿರ್ತಾರೆ," ಎಂದಷ್ಟೇ ಹೇಳುತ್ತಾರೆ.

ಅವರು ನಗದಿರುವುದಕ್ಕೆ ಕಾರಣವಿದೆ. ಅದರ ಹೆಸರು ಚಿನ್ನಪ್ಪ.

೨೦೦೩ರ ಮಾತು. ಚಿನ್ನಪ್ಪ ಹಲಸೂರಿನ ಬಡಗಿ. ಅವನ ಮೇಲೂ ಇಂಥದೇ ಮನೆ ಖಾಲಿ ಮಾಡಿಸುವ ದಾವೆ. ಆದಿನಾರಾಯಣ ಹೋದಾಗ ಹೆಂಡತಿ ಬಂದು, ಯಜಮಾನರು ಊರಲ್ಲಿಲ್ಲ ಎಂದಳು. ಪರದೆಯ ಕೆಳಗೆ ಅವನ ಪಾದ ಕಾಣುತ್ತಿತ್ತು. ಇವರು ನೋಡಿದರು, ಆದರೆ ಮಾತಾಡಲಿಲ್ಲ. ನಿಯಮದ ಪ್ರಕಾರ ಬಾಗಿಲಿಗೆ ಅಂಟಿಸಿ ನಡೆದರು. ಕಾಗದ ಕೈಗೆ ಬರಲಿಲ್ಲ, ಪೀಡೆ ತೊಲಗಿತು ಎಂದುಕೊಂಡ ಚಿನ್ನಪ್ಪ. ಕೋರ್ಟಿನಲ್ಲಿ ಅವನ ಪರವಾಗಿ ಯಾರೂ ನಿಲ್ಲಲಿಲ್ಲ. ಅವನ ಮಾತು ಕೇಳದೆಯೇ ತೀರ್ಪಾಯಿತು. ಹದಿನಾಲ್ಕು ತಿಂಗಳ ಮೇಲೆ ಮನೆ ಬಿಡಿಸುವ ವಾರಂಟ್ ಹಿಡಿದು, ಇಬ್ಬರು ಪೊಲೀಸರ ಜೊತೆ ಹೋದವರೂ ಇದೇ ಆದಿನಾರಾಯಣ.

"ಅವತ್ತು ಬೆಳಿಗ್ಗೆ ಓಡಿಹೋಗಿ ಒಬ್ರು ಲಾಯರ್‌ನ ಕರ್ಕೊಂಡು ಬಂದ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ್ರೆ ಏನಾಗ್ತದೆ ಹೇಳಿ. ಲಾಯರ್ ಕಾಗದ ನೋಡಿ, ಮೊದಲ್ನೇದು ಬಂದಾಗ ಎಲ್ಲಿದ್ದಪ್ಪ ನೀನು ಅಂದ್ರು. ತೀರ್ಪು ರದ್ದು ಮಾಡಿ ಅಂತ ಅರ್ಜಿ ಹಾಕ್ಬೋದು, ಆದ್ರೆ ಇವತ್ತಿಗೆ ಇವತ್ತೇ ಏನೂ ಆಗಲ್ಲ ಅಂದ್ಬಿಟ್ರು. ಮಂಚ, ಉಳಿ ಪೆಟ್ಟಿಗೆ, ರುಬ್ಬಿಟ್ಟಿದ್ದ ದೋಸೆ ಹಿಟ್ಟು, ಎಲ್ಲಾ ರಸ್ತೆಗೆ ಬಂತು. ಅವ್ನು ನನ್ನ ಬೈಲಿಲ್ಲ. 'ಅವತ್ತೇ ನೀವು ಒಂದು ಮಾತು ಬಾಯ್ಬಿಟ್ಟು ಹೇಳ್ಬಾರ್ದಿತ್ತಾ ಸಾರ್' ಅಂದ."

ಅಮೀನನಿಗೆ ಮಾತಾಡುವ ಕೆಲಸವಿಲ್ಲ, ಕೊಟ್ಟು ಸಹಿ ತಗೊಳ್ಳುವುದಷ್ಟೇ. ಆ ದಿನದಿಂದ ಆದಿನಾರಾಯಣ ಮಾತಾಡದೆ ಯಾವ ಬಾಗಿಲನ್ನೂ ಬಿಟ್ಟು ಬಂದಿಲ್ಲ.

ಹಾಗಂತ ಎಲ್ಲರನ್ನೂ ಲಾಯರ ಬಳಿ ಅಟ್ಟುವವರೂ ಅವರಲ್ಲ. ಕುಕ್ ಟೌನಿನ ಬಂಗಲೆಯೊಂದರಲ್ಲಿ ನಿವೃತ್ತ ಟೀಚರೊಬ್ಬರು ಸಾಕ್ಷಿ ಸಮನ್ಸ್ ಕಂಡು ಹೆದರಿ, ಆಗಲೇ ಲಾಯರಿಗೆ ಫೋನ್ ಮಾಡಲು ಹೊರಟರಂತೆ. ರಸ್ತೆ ಅಪಘಾತವೊಂದನ್ನು ಅವರು ಕಣ್ಣಾರೆ ಕಂಡಿದ್ದರು, ಅಷ್ಟೆ. "ಇದಕ್ಕೆ ಲಾಯರ್ ಬೇಡ ಮೇಡಂ, ಕಂಡಿದ್ದು ಕಂಡ ಹಾಗೆ ಹೇಳಿ ಬನ್ನಿ ಅಂದೆ. ಯಾವ ಕಾಗದಕ್ಕೆ ಬೇಕು, ಯಾವುದಕ್ಕೆ ಬೇಡ ಅಂತ ತಿಳ್ಕೊಂಡ್ರೆ ಅರ್ಧ ಭಯ ಹೋಗ್ತದೆ. ನಿಮ್ಮ ಮೇಲೇ ದಾವೆ ಬಿದ್ದಿದೆ, ಮನೆನೋ ಜಮೀನೋ ಹೋಗೋ ಹಾಗಿದೆ ಅಂದ್ರೆ ಮಾತ್ರ ಒಂದು ದಿನಾನೂ ತಡ ಮಾಡ್ಬಾರ್ದು."

ಓಣಿಗೆ ಎಳೆಬಿಸಿಲು ಬೀಳುವ ಹೊತ್ತಿಗೆ ಹಸಿರು ಬಾಗಿಲು ಮತ್ತೆ ತೆರೆಯುತ್ತದೆ, ಈ ಸಲ ಎರಡು ಗೇಣು. ಇವರು ಇನ್ನೂ ಕೂತೇ ಇದ್ದಾರಲ್ಲ ಎಂಬ ಬೆರಗು ಶಂಶುನ್ನೀಸಾ ಅವರ ಮುಖದಲ್ಲಿ. ಆದಿನಾರಾಯಣ ಎದ್ದು ನಿಲ್ಲುತ್ತಾರೆ.

"ಅಮ್ಮ, ನೀವು ತಗೊಂಡ್ರೂ ಕೇಸ್ ನಡೀತದೆ, ತಗೊಳ್ದಿದ್ರೂ ನಡೀತದೆ. ತಗೊಂಡ್ರೆ ನಿಮ್ಮ ಮಾತೂ ಅಲ್ಲಿ ಕೇಳ್ತಾರೆ. ತಗೊಳ್ಳದೇ ಇದ್ರೆ ಅವ್ರದ್ದು ಮಾತ್ರ ಕೇಳ್ತಾರೆ. ತಗೊಂಡ ಮಾತ್ರಕ್ಕೆ ಏನೂ ಒಪ್ಪಿಕೊಂಡ ಹಾಗಲ್ಲ."

"ಒಪ್ಪಿಕೊಂಡ ಹಾಗೆ ಅಲ್ವಾ?"

"ಅಲ್ಲವೇ ಅಲ್ಲ. ಬಂತು ಅಂತ ಸಹಿ, ಅಷ್ಟೆ."

ಹಿಂದಿನಿಂದ ಫಾಯಿಜಾ ಕೈ ಚಾಚುತ್ತಾಳೆ. ತಾಯಿ ಅವಳ ಕೈ ತಡೆದು ತಾವೇ ತೆಗೆದುಕೊಳ್ಳುತ್ತಾರೆ. ಫಾಯಿಜಾ ಓದಿ ದಿನಾಂಕ ಹೇಳುತ್ತಾಳೆ. ಇನ್ನು ಇಪ್ಪತ್ತೆರಡು ದಿನ. ಸಹಿ ಮಾಡಿದ ಮೇಲೆ ತಾಯಿ ಕೇಳುವುದು ಎಲ್ಲರೂ ಕೇಳುವ ಪ್ರಶ್ನೆಯನ್ನೇ. "ನಿಮಗೆ ಗೊತ್ತಿರೋ ಒಳ್ಳೆ ವಕೀಲರು ಯಾರಾದ್ರೂ ಇದ್ರೆ ಹೇಳಿ ಭಾಯ್."

ಆದಿನಾರಾಯಣ ಇಲ್ಲವೆಂದು ತಲೆಯಾಡಿಸುತ್ತಾರೆ. ದಿನಾ ನೂರಾರು ಲಾಯರುಗಳನ್ನು ಕಾಣುವ ಮನುಷ್ಯ ಇವತ್ತಿಗೂ ಒಂದು ಹೆಸರು ಹೇಳಿದ್ದಿಲ್ಲ. "ಹೆಸರು ಹೇಳಿದ್ರೆ ನಾನು ಬ್ರೋಕರ್ ಆಗ್ಬಿಡ್ತೀನಿ. ಹುಡ್ಕೋದು ಹೇಗೆ ಅಂತ ಬೇಕಾದ್ರೆ ಹೇಳ್ತೀನಿ." ಕೋರ್ಟಿನ ಗೇಟಿನ ಹತ್ತಿರ ತಾವಾಗಿಯೇ ಬಂದು ಕೈಹಿಡಿಯುವವರ ಹಿಂದೆ ಹೋಗಬಾರದು. ಬಾಡಿಗೆ ಮನೆ ಕೇಸು ಗೆದ್ದವರು, ಸೋತವರು ಓಣಿಯಲ್ಲೇ ಇರುತ್ತಾರೆ, ಅವರನ್ನು ವಿಚಾರಿಸಬೇಕು. ಲಾಯರನ್ನು ಅವರ ಆಫೀಸಿನಲ್ಲೇ ಕೂತು ಕಾಣಬೇಕು. ಇಂಥ ಕೇಸು ನಡೆಸಿದ್ದೀರಾ, ಒಟ್ಟು ಫೀಸೆಷ್ಟು, ನೀವೇ ಬರುತ್ತೀರೋ ಜೂನಿಯರ್ ಬರುತ್ತಾರೋ ಎಂದು ಕೇಳಲು ನಾಚಬಾರದು. ಬಾಡಿಗೆ ರಸೀದಿಗಳ ಜೆರಾಕ್ಸ್ ಕೊಡಬೇಕು, ಅಸಲು ಮನೆಯಲ್ಲೇ ಇರಬೇಕು. ಲಾಯರನ್ನು ನೇಮಿಸುವ ವಕಾಲತ್ತಿಗೆ ಸಹಿ ಹಾಕುವ ಮುಂಚೆ ಮಗಳ ಕೈಲಿ ಓದಿಸಿಕೊಳ್ಳಬೇಕು.

"ಗೆಲ್ಲಿಸಿಯೇ ತೀರ್ತೀನಿ ಅಂತ ಮೊದಲ ದಿನವೇ ಹೇಳೋರ ಹತ್ರ ಹುಷಾರಾಗಿರಿ," ಎಂದು ಸೇರಿಸುತ್ತಾರೆ. "ದುಡ್ಡಿಲ್ಲ ಅಂತ ಮಾತ್ರ ಸುಮ್ನೆ ಕೂತ್ಕೋಬೇಡಿ. ಕೋರ್ಟಿನಲ್ಲೇ ಉಚಿತ ಕಾನೂನು ನೆರವು ಅಂತ ಇದೆ. ಹೆಂಗಸ್ರಿಗೆ ಸರ್ಕಾರದಿಂದಲೇ ಲಾಯರ್ ಕೊಡ್ತಾರೆ. ನಾಳೇನೇ ಹೋಗಿ."

ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿದಿದೆ. ಇನ್ನೂ ಹದಿನಾರು ಕಾಗದ ಬಾಕಿ. ತಡವಾದರೆ ಆಫೀಸಿನಲ್ಲಿ ಬೈಗುಳ ಖಚಿತ. ಇಪ್ಪತ್ತನಾಲ್ಕು ವರ್ಷದಲ್ಲಿ ಯಾರಾದರೂ ಒಳಗೆ ಕರೆದು ಒಂದು ಲೋಟ ನೀರು ಕೊಟ್ಟಿದ್ದಾರಾ ಎಂದು ಕೇಳಿದರೆ, "ನಮ್ಮನ್ನ ಯಾರ್ರೀ ಕರೀತಾರೆ," ಎನ್ನುತ್ತಾ ಗಾಡಿಯ ಪೆಡಲ್ ತುಳಿಯುತ್ತಾರೆ.

ಇಪ್ಪತ್ತೆರಡನೆಯ ದಿನ ಆದಿನಾರಾಯಣ ಬೇಕೆಂದೇ ಆ ಕೋರ್ಟ್ ಹಾಲಿನ ಮುಂದೆ ಹಾದುಹೋಗುತ್ತಾರೆ. ಬೆಂಚಿನ ತುದಿಯಲ್ಲಿ ಶಂಶುನ್ನೀಸಾ. ಪಕ್ಕದಲ್ಲಿ ಕರಿಕೋಟಿನ ಹೆಣ್ಣುಮಗಳೊಬ್ಬಳು, ಸರ್ಕಾರ ಕೊಟ್ಟ ಲಾಯರು, ತೊಡೆಯ ಮೇಲೆ ಬಾಡಿಗೆ ರಸೀದಿಗಳ ಜೆರಾಕ್ಸ್ ಹರಡಿಕೊಂಡು ಒಂದೊಂದಕ್ಕೂ ಗುರುತು ಹಾಕುತ್ತಿದ್ದಾಳೆ. ಕೇಸು ಇನ್ನೂ ವರ್ಷಗಟ್ಟಲೆ ನಡೆಯಬಹುದು. ಗೆಲುವೋ ಸೋಲೋ, ಯಾರೂ ಹೇಳಲಾರರು. ಆದರೆ ಹೆಸರು ಕೂಗಿದಾಗ ಎದ್ದು ನಿಂತವರು ಇಬ್ಬರು.

ಹೊರಗೆ ಬಂದ ಶಂಶುನ್ನೀಸಾ ಆದಿನಾರಾಯಣರನ್ನು ಗುರುತಿಸುತ್ತಾರೆ. "ಮತ್ತೆ ನಮ್ಮನೆಗೆ ಬರ್ತೀರಾ ಭಾಯ್?"

"ಕಾಗದ ಹಿಡ್ಕೊಂಡು ಬರೋದು ಬೇಡ ಅಮ್ಮ. ಬಂದ್ರೆ ಅದು ಒಳ್ಳೇದಕ್ಕಲ್ಲ."

"ಕಾಗದ ಬಿಟ್ಟು ಬನ್ನಿ. ಚಾ ಕುಡಿದು ಹೋಗಿ."

ಆದಿನಾರಾಯಣ ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಪಡಿಸಿಕೊಳ್ಳುತ್ತಾರೆ. ಕಣ್ಣು ತೇವವಾಗಿದ್ದನ್ನು ಅವರು ಮುಚ್ಚಿಡುವುದೂ ಇಲ್ಲ. ನಿವೃತ್ತಿಗೆ ಇನ್ನು ಎರಡು ವರ್ಷ. ಆಮೇಲೇನು ಮಾಡುತ್ತೀರಿ ಎಂದು ಕೇಳಿದರೆ ದೊಡ್ಡ ಆಸೆಗಳೇನೂ ಅವರ ಬಾಯಿಂದ ಬರುವುದಿಲ್ಲ.

"ಮೊದಲ್ನೇ ದಿನ ಚೀಲ ಮನೇಲಿಟ್ಟು ಶಿವಾಜಿನಗರಕ್ಕೆ ಹೋಗ್ತೀನಿ. ಗಾಡೀನ ಬಾಗಿಲ ಮುಂದೇನೇ ನಿಲ್ಲಿಸ್ತೀನಿ. ಆ ಹೊತ್ತಿಗೆ ಆಯಮ್ಮ ಅದೇ ಮನೇಲಿ ಇದ್ರೆ ಸಾಕು."