ಮೇಷ್ಟ್ರಿಗೆ ನಾನೇ ಕುಡಿಸಿದ್ದು

ಸಾವಿತ್ರಮ್ಮನವರೇ, ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಪಿಟೀಲು ಕಛೇರಿಯ ದಿನ ಮೇಷ್ಟ್ರು ಕುಡಿಯಲು ಕೇಳಿರಲಿಲ್ಲ. ನಾನೇ ಕೊಟ್ಟೆ. ಆಮೇಲೆ ನಿಮಗೆ ಸುಳ್ಳು ಹೇಳಿದೆ.

ಯಜಮಾನರು ಕುಡಿತ ಬಿಟ್ಟು ಎಂಟು ತಿಂಗಳಾಗಿದೆ, ಹುಷಾರು ಎಂದು ನೀವು ಬೆಂಗಳೂರಿನಿಂದ ಮೊದಲೇ ಫೋನ್ ಮಾಡಿದ್ದಿರಿ. ಇಲ್ಲಿ ಬಾಟಲಿ ಸಿಗುವುದು ಸರ್ಕಾರಿ ಅಂಗಡಿಯಲ್ಲಿ ಮಾತ್ರ, ಶನಿವಾರ ಮಧ್ಯಾಹ್ನವೇ ಬಾಗಿಲು ಹಾಕುತ್ತಾರೆ ಎಂದಾಗ ನಿಮಗೆ ಎಷ್ಟು ನೆಮ್ಮದಿ! ಆದರೆ ಇಲ್ಲಿಯವರ ಹಾಗೆ ನಾನೂ ಶುಕ್ರವಾರವೇ ತಂದಿಟ್ಟುಕೊಳ್ಳುವವನು — ಅದನ್ನು ಮಾತ್ರ ಹೇಳಲಿಲ್ಲ.

ಶನಿವಾರ ಸಂಜೆ ಕಛೇರಿ. ಕನ್ನಡ ಸಂಘದ ಕಾರ್ಯದರ್ಶಿ ನಾನು. ಸ್ಟಾಕ್‌ಹೋಮ್‌ನಿಂದೆಲ್ಲ ಜನ ಬಂದಿದ್ದರು. ಹೊರಡುವ ಮುನ್ನ ನಮ್ಮ ಮನೆಯಲ್ಲಿ ಪಿಟೀಲು ಶ್ರುತಿ ಮಾಡುವಾಗ ಅವರ ಕೈ ನಡುಗಿತು. ಕುಡಿತ ಬಿಟ್ಟ ಮೇಲೆ ಅದೇ ಮೊದಲ ಕಛೇರಿ, ಹೆದರಿಕೆ ಅಷ್ಟೇ. ಕಾಫಿ ಕೊಟ್ಟು ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು. ನನಗೋ ನನ್ನ ಮರ್ಯಾದೆಯ ಚಿಂತೆ.

“ಸ್ವಲ್ಪ ತಗೊಳಿ ಮೇಷ್ಟ್ರೇ, ಕೈ ನಿಲ್ಲುತ್ತೆ” ಎಂದೆ.

ಎರಡು ಸಲ ಬೇಡ ಎಂದರು, ಸಾವಿತ್ರಮ್ಮನವರೇ. ಲೋಟವನ್ನು ನನ್ನ ಕಡೆಗೇ ತಳ್ಳಿದರು. “ಮನೇಲಿ ಮಾತು ಕೊಟ್ಟು ಬಂದಿದೀನಿ.”

ನಾನು ನಕ್ಕುಬಿಟ್ಟೆ. “ಸಾವಿತ್ರಮ್ಮನೋರು ಇಲ್ಲಿಲ್ವಲ್ಲ.” ಅವರು ಲೋಟ ಎತ್ತಿ ಕುಡಿದರು.

ಅವತ್ತು ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಊರಿಗೆ ಮರಳಿದವರು ಕುಡಿತ ನಿಲ್ಲಿಸಲೇ ಇಲ್ಲ, ಮರುವರ್ಷ ಹೋಗಿಬಿಟ್ಟರು.

ಈಗ ಆ ಕಛೇರಿಯ ವಿಡಿಯೊ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದೆ. ಎಣ್ಣೆ ಬಿದ್ದರೇನೇ ಮೇಷ್ಟ್ರ ಕೈ ಓಡೋದು ಅಂತ ಒಬ್ಬ ಬರೆದ. ಉಳಿದವರು ಹಲ್ಲು ಕಿರಿದರು. ಥೂ! ನಲವತ್ತು ವರ್ಷ ಬೆರಳು ಸವೆಸಿದ್ದು ಇವರಿಗೆ ಲೆಕ್ಕಕ್ಕಿಲ್ಲವೇ? ಎಂಟು ತಿಂಗಳು ಹಲ್ಲು ಕಚ್ಚಿ ತಡೆದದ್ದು? ಮೈಯೆಲ್ಲ ಉರಿದುಹೋಯಿತು — ಆದರೆ ಬೈಯಲು ನನಗೆ ಯಾವ ಬಾಯಿ? ಕುಡಿಸಿದವನೇ ನಾನು...

ಈ ಶನಿವಾರ ಸಂಘದಲ್ಲಿ ಅವರ ನೆನಪಿನ ಸಭೆ. ಈ ಪತ್ರವನ್ನು ಎಲ್ಲರೆದುರು ಓದುತ್ತೇನೆ. ಮೊದಲು ನಿಮಗೆ ತಿಳಿಯಬೇಕು. ಕ್ಷಮಿಸಿ ಎನ್ನಲಾರೆ.

ಅವರು ಊರು ಸೇರಿದ ವಾರವೇ ನೀವು ಫೋನ್ ಮಾಡಿದ್ದಿರಿ. “ನೀವೇ ಕೊಟ್ರಿ ಅಂತಾರೆ ಇವರು. ಹೌದಾ?”

“ಇಲ್ಲಮ್ಮ, ಅವರೇ ಕೇಳಿ ಇಸ್ಕೊಂಡ್ರು” ಎಂದೆ.

ಅವತ್ತಿನಿಂದ ನೀವು ಅವರೊಡನೆ ಮಾತು ಬಿಟ್ಟಿರಿ, ಕೊನೆಯವರೆಗೂ. ಕುಡಿಯುವವರ ಮಾತು ಯಾರು ನಂಬುತ್ತಾರೆ — ನೀವು ನಂಬಿದ್ದು ನನ್ನನ್ನು. ಅವರು ನಿಮಗೆ ನಿಜವನ್ನೇ ಹೇಳಿದ್ದರು.